ಅತ್ತೆ ನೀರಿನ ಮೇಲೆ ನಿಂತದ್ದು

ಭಾನುವಾರ, 18 ಜನವರಿ 2026, ಚೆಂಬೂರು

ಕಣ್ಣು ಮುಚ್ಚಿದರೆ ಅತ್ತೆಯೇ ಕಾಣುತ್ತಾರೆ. ಕಡಲು ಒಳನುಗ್ಗಿದ ಗೊರಾಯಿ ಖಾಡಿಯ ನೀರಿನ ಮೇಲೆ, ನೆಟ್ಟಗೆ ನಿಂತು.

ಐದು ಭಾನುವಾರಗಳಿಂದ, ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಪ್ಯಾಡಲ್‌ಬೋರ್ಡ್ ಕಲಿಯಲು ಹೋಗಿ ನಾನು ಬರೀ ಬೀಳುತ್ತಿದ್ದೇನೆ. ಧಾರವಾಡದವಳಿಗೆ ಕೆರೆಯೇ ಸಮುದ್ರ. ಇವತ್ತು ಅತ್ತೆ, "ನಾನೂ ಬರ್ತೇನೆ, ನೋಡುವ" ಎಂದು ಹೊರಟರು. ಬೋರ್ಡಿಗೆ ಪಂಪಿನಿಂದ ಗಾಳಿ ತುಂಬುವುದನ್ನು ಕಂಡು ನಕ್ಕರು. ಕಲಿಸುವ ಅಮೋಲ್, ಇದು ಹವಾಯಿ ದ್ವೀಪದ ಆಟ ಎಂದಾಗ ಇನ್ನೂ ಜೋರಾಗಿ ನಕ್ಕರು. ನಾನು ಮೂರನೇ ಸಲ ಬಿದ್ದಾಗ ಸೀರೆ ಎತ್ತಿ ಕಟ್ಟಿ ಲೈಫ್ ಜಾಕೆಟ್ ಕೇಳಿದರು.

"ಬ್ಯಾಡ್ರಿ ಅತ್ತಿ, ಬೀಳ್ತೀರಿ!"

"ಸುಮ್ನಿರು ಮಾರಾಯ್ತಿ."

ಮೊದಲು ಮಂಡಿಯೂರಿ ಎಂದು ಅಮೋಲ್ ಹೇಳುತ್ತಿರುವಾಗಲೇ ಅವರು ಎದ್ದು ನಿಂತಿದ್ದರು. ಅರವತ್ತೆರಡು ವರ್ಷದ, ಮೆಟ್ಟಿಲು ಹತ್ತಲು ನೋಯುವ ಆ ಕಾಲು ಒಮ್ಮೆಯೂ ನಡುಗಲಿಲ್ಲ. ಹುಟ್ಟು ನೀರಿಗಿಳಿದ ಸದ್ದೂ ಕೇಳಿಸಲಿಲ್ಲ. ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳ ತನಕ ಹೋಗಿ, ತಿರುಗಿಸಿಕೊಂಡು ಬಂದರು. ದಡದಲ್ಲಿದ್ದವರೆಲ್ಲ ಎದ್ದು ನಿಂತು ನೋಡುತ್ತಿದ್ದರು.

ದಡಕ್ಕೆ ಬಂದ ಮೇಲೆ ಹೇಳಿದರು. ಮದುವೆಗೆ ಮೊದಲು ತವರೂರು ಉದ್ಯಾವರದ ಹೊಳೆಯಲ್ಲಿ ಚಿಪ್ಪು ಹೆಕ್ಕಲು ಒಬ್ಬರೇ ದೋಣಿಯಲ್ಲಿ ನಿಂತು ಹೋಗುತ್ತಿದ್ದರಂತೆ.

"ನಾ ಸೊಸಿಯಾಗಿ ಬಂದ ಹನ್ನೊಂದು ವರ್ಷದಾಗ ಒಮ್ಮೆನೂ ಹೇಳಲಿಲ್ಲಲ್ರಿ?" ಅಂದೆ.

"ನೀವು ಯಾರೂ ಕೇಳ್ಲಿಲ್ಲ ಅಲ್ವಾ?" ಎಂದು ಸೀರೆಯ ಒದ್ದೆ ಅಂಚು ಹಿಂಡಿಕೊಂಡರು.

ಹೌದು, ಕೇಳಲಿಲ್ಲ. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿದ್ದೂ ಕೇಳಲಿಲ್ಲ. ತೋಳು ನೋಯುತ್ತಿದೆ, ಇನ್ನು ಬರೆಯಲಾರೆ. ದೋಣಿ ಯಾರು ಕಲಿಸಿದರು, ಆ ಹೊಳೆ ಬಿಟ್ಟು ಮುಂಬಯಿಗೆ ಬರುವಾಗ ಏನನ್ನಿಸಿತು, ಎಲ್ಲ ಕೇಳಬೇಕು. ನಾಳೆ ದೋಸೆ ಹುಯ್ಯುವಾಗ ಕೇಳುತ್ತೇನೆ.