ಒಳಕ್ಕೆ ತೆರೆಯುವ ಬಾಗಿಲು

ಶನಿವಾರ, ಮಾರ್ಚ್ ೧೪

ಮುದ್ದು ಗುಬ್ಬೀ,

ಅಪ್ಪ ಚೆನ್ನಾಗಿದ್ದೇನೆ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದುಕೊಂಡಿದ್ದೇನೆ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಇಷ್ಟು ದಿನ ಸುಮ್ಮನಿದ್ದೆ. ಎಷ್ಟು ಬೇಕಾದರೂ ಬೈದುಕೋ, ಕೋಪ ಮಾತ್ರ ಇಟ್ಟುಕೊಳ್ಳಬೇಡ. ಫೋನಿನಲ್ಲಿ ನನಗೆ "ಹ್ಞೂಂ, ಹ್ಞೂಂ" ಬಿಟ್ಟು ಬೇರೇನೂ ಬರುವುದಿಲ್ಲ ಎಂದು ನೀನೇ ಆಡಿಕೊಳ್ಳುತ್ತೀಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾರ್ಖಾನೆಗಳ ಹೊಲಿಗೆ ಯಂತ್ರ ರಿಪೇರಿಗೆಂದು ಅಲೆಯುತ್ತ ಈ ಎರಡು ತಿಂಗಳಲ್ಲಿ ಹನ್ನೊಂದು ಲಾಡ್ಜು ಕಂಡೆ. ಬಚ್ಚಲು ಕಟ್ಟುವವರು ಅದರಲ್ಲಿ ಒಂದು ದಿನವೂ ಸ್ನಾನ ಮಾಡಿರುವುದಿಲ್ಲ ಅನ್ನಿಸುತ್ತದೆ. ಒಂದು ಕಡೆ ನಲ್ಲಿ ಶವರಿನ ನೇರ ಕೆಳಗಿದೆ. ತಿರುಗಿಸಿದರೆ ತಣ್ಣೀರು ಧೋ ಎಂದು ನೆತ್ತಿಗೇ. ಇನ್ನೊಂದು ಕಡೆ ಸಾಲು ಕೋಣೆಗಳಿಗೆಲ್ಲ ಒಂದೇ ಬಚ್ಚಲು, ದೀಪದ ಸ್ವಿಚ್ಚು ಹೊರಗೆ. ನಾನು ಮೈತುಂಬ ಸೋಪು ಹಚ್ಚಿಕೊಂಡಿದ್ದಾಗ ಯಾರೋ ಪುಣ್ಯಾತ್ಮ ಆರಿಸಿ ಹೋದ. ಮೊನ್ನೆಯ ಲಿಫ್ಟಿನಲ್ಲಿ ಬಾಗಿಲು ತೆರೆಯುವ ಗುಂಡಿಗೂ ಮುಚ್ಚುವ ಗುಂಡಿಗೂ ಒಂದೇ ಥರದ ಬಾಣದ ಗುರುತು. ಓಡಿ ಬರುತ್ತಿದ್ದ ಅಜ್ಜಿಯೊಬ್ಬರಿಗೆ ತೆರೆದಿಡಲು ಹೋಗಿ, ಅವರ ಮುಖದ ಮೇಲೇ ಮುಚ್ಚಿಬಿಟ್ಟೆ. ಕ್ಷಮೆ ಕೇಳಲೆಂದು ಮೇಲೆ ಕಾದು ನಿಂತೆ. ಮುಂದಿನ ಸರದಿಯಲ್ಲಿ ಬಂದ ಅವರು, "ಏನಪ್ಪಾ, ನಾನು ನಿನ್ ಜೊತೆ ಬರಬಾರ್ದಿತ್ತಾ?" ಎಂದು ನಕ್ಕರು. ನಾನೂ ನಗಲು ಹೋದೆ. ಅಳು ಬಂತು. ಪಾಪ, ಅವರೇ ನನ್ನ ಬೆನ್ನು ಸವರಿದರು.

ಅಮ್ಮ ಬಿದ್ದ ದಿನದ ವಿಷಯ ನಿನಗೆ ಪೂರ್ತಿ ಹೇಳಿಲ್ಲ, ಗುಬ್ಬೀ. ಅದರ ಹಿಂದಿನ ವರ್ಷ ನಮ್ಮ ಮನೆಯ ಬಚ್ಚಲು ಸರಿಮಾಡಿಸುವಾಗ ಬಡಗಿ, "ಬಾಗಿಲು ಒಳಕ್ಕೋ, ಹೊರಕ್ಕೋ?" ಎಂದು ಕೇಳಿದ್ದ. ಅಮ್ಮ, "ಹೊರಕ್ಕೇ ಇರ್ಲಿ, ಒಳಗೆ ಜಾಗ ಎಲ್ಲಿದೆ?" ಅಂದಳು. "ಬೀರುವಿಗೆ ತಗಲುತ್ತೆ, ಒಳಕ್ಕೇ ಇಡಪ್ಪ" ಅಂದವನು ನಾನು. ಅವಳು ಜಾರಿ ಬಿದ್ದಾಗ ಮೈಯೆಲ್ಲ ಬಾಗಿಲಿಗೇ ಆತುಕೊಂಡಿತ್ತು. ತಳ್ಳಿದರೆ ಅವಳಿಗೇ ಪೆಟ್ಟು. ಕೀಲುಗಳೂ ಒಳಗಿನ ಕಡೆಗೆ, ಹೊರಗಿನಿಂದ ಬಿಚ್ಚುವಂತಿರಲಿಲ್ಲ. ಕೆಳಮನೆಯವರು ಗರಗಸ ತಂದು ಬಾಗಿಲಿನ ಮೇಲರ್ಧ ಕೊಯ್ಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಲಿಫ್ಟಿನೊಳಗೆ ಸ್ಟ್ರೆಚರು ಹಿಡಿಸಲಿಲ್ಲ. ನಾಲ್ಕು ಮಹಡಿ ಮೆಟ್ಟಿಲಲ್ಲೇ ಹೊತ್ತು ಇಳಿಸಿದೆವು. ದಾರಿಯಲ್ಲೇ ಹೋಗಿಬಿಟ್ಟಳು. "ಬೇಗ ತಂದಿದ್ರೂ ಏನೂ ಹೇಳೋಕಾಗ್ತಿರ್ಲಿಲ್ಲ" ಅಂದರು ಡಾಕ್ಟರು. ನನ್ನನ್ನು ಸಮಾಧಾನ ಮಾಡಲೆಂದೇ ಅಂದದ್ದು. ಹೇಳಲಾಗದು ಎಂದರೆ ಉಳಿಯುತ್ತಿದ್ದಳು ಅಂತಲೂ ಆಗಬಹುದಲ್ಲ.

ಅಂದಿನಿಂದ ಎಲ್ಲಿ ಹೋದರೂ ಮೊದಲು ಬಚ್ಚಲ ಬಾಗಿಲು ನೋಡುತ್ತೇನೆ, ಲಿಫ್ಟಿನ ಉದ್ದವನ್ನು ಹೆಜ್ಜೆಯಲ್ಲಿ ಅಳೆಯುತ್ತೇನೆ. ಮ್ಯಾನೇಜರುಗಳಿಗೆ ಹೇಳಿದರೆ "ಆಯ್ತು ಸರ್" ಎಂದು ತಲೆಯಾಡಿಸಿ, ನಾನು ಬೆನ್ನು ತಿರುಗಿಸಿದೊಡನೆ ನಗುತ್ತಾರೆ. ಈ ಊರಿನಲ್ಲಿ ಮಾತ್ರ ಲಾಡ್ಜು ನಡೆಸುವ ಹೆಂಗಸು ನಗಲಿಲ್ಲ. ನನ್ನ ಮಾತು ಪೂರ್ತಿ ಕೇಳಿದರು.

"ಹಿಂದಿನ ಕೋಣೇಲಿ ನಮ್ಮಮ್ಮ ಇದಾರೆ, ಅಣ್ಣ. ಅಲ್ಲೂ ಒಳಕ್ಕೇ ತೆಗಿಯೋದು. ಏನ್ಮಾಡ್ಲಿ?"

"ಒಬ್ಬ ಬಡಗೀನ ಕರೆಸಿ. ನಾನೂ ಕೈ ಹಾಕ್ತೀನಿ" ಅಂದೆ.

ನಿನ್ನೆ ಕಾರ್ಖಾನೆಗೆ ರಜೆ ಹಾಕಿ, ಬಡಗಿಯ ಜೊತೆ ಕೂತು ಕೀಲು ಬಿಚ್ಚಿ, ಚೌಕಟ್ಟು ಕೆತ್ತಿ, ಮಧ್ಯಾಹ್ನದ ಹೊತ್ತಿಗೆ ಬಾಗಿಲನ್ನು ಹೊರಕ್ಕೆ ತಿರುಗಿಸಿದೆವು. ಆ ತಾಯಿ ಮಂಚದ ಮೇಲೆ ಕೂತು ನೋಡುತ್ತಿದ್ದರು. ಕೆಲಸ ಮುಗಿದಾಗ "ಇದೊಂದಕ್ಕೆ ಇಷ್ಟೊಂದು ಗಲಾಟೆನಾ?" ಎಂದರು. ಹೌದಲ್ಲವಾ? ಅರ್ಧ ದಿನದ ಕೆಲಸ, ಗುಬ್ಬೀ. ಬರೀ ಅರ್ಧ ದಿನ. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ತುಂಬ ಹೊತ್ತು ನಿಂತಿದ್ದೆ.

ನೀನು ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಡ, ಆಗಾಗ ಕೂತುಕೋ. ರಾತ್ರಿ ಪಾಳಿ ಬೇಡವೆಂದು ಕೇಳಿನೋಡು. ನಿನ್ನ ಬಾಳು ತಣ್ಣಗಿರಲಿ, ಕೆಲಸದಲ್ಲಿ ಕೈಗೆ ಒಳ್ಳೆಯ ಹೆಸರು ಬರಲಿ. ಅಮ್ಮನ ಪಾಲಿನ ಹಾರೈಕೆಯನ್ನೂ ನಾನೇ ಸೇರಿಸಿ ಕಳಿಸುತ್ತಿದ್ದೇನೆ.

ನಿನ್ನ
ಅಪ್ಪ

ತಾ.ಕ.: ಅಮ್ಮ ಕೊನೆಗೆ ಏನಾದರೂ ಹೇಳಿದಳಾ ಎಂದು ಎರಡು ಪತ್ರದಲ್ಲೂ ಕೇಳಿದ್ದೀ. ಬಿದ್ದ ಕೂಡಲೇ ಎಚ್ಚರ ತಪ್ಪಿತೆಂದು ನಾನು ನಿನಗೆ ಹೇಳಿದ್ದು ಸುಳ್ಳು. ಒಳಗಿನಿಂದ ಅರ್ಧ ಗಂಟೆ ಮಾತಾಡುತ್ತಲೇ ಇದ್ದಳು. ನಡುವೆ ನಿನ್ನ ಫೋನು ಬಂತು. ರಿಂಗು ಕೇಳಿ, "ರೀ, ಗುಬ್ಬೀನಾ? ಒಂಚೂರು ಕೊಡಿ" ಅಂದಳು. "ಆಮೇಲೆ ಮಾತಾಡೀಯಂತೆ, ಸುಮ್ನಿರು" ಎಂದು ಕರೆ ಕತ್ತರಿಸಿದೆ. ಬಾಗಿಲ ಕೆಳಗೆ ಮೂರು ಬೆರಳಿನಷ್ಟು ಸಂದಿ ಇತ್ತು, ಮಗಳೇ. ಫೋನು ಸಲೀಸಾಗಿ ಒಳಗೆ ಹೋಗುತ್ತಿತ್ತು.