ಎಣಿಸಿ ಸುಮ್ಮನಾದವಳು

ಆಸ್ಪತ್ರೆ, ಎರಡನೇ ಮಹಡಿ
ಮಂಗಳವಾರ, ಬೆಳಿಗ್ಗೆ

ನನ್ನ ಬಾಯಿಬಡುಕಿ ಮಗಳೇ,

ನಿನ್ನ ಪತ್ರವನ್ನು ಚಿಕ್ಕಮ್ಮ ನಿನ್ನೆ ಇಲ್ಲಿಗೇ ತಂದುಕೊಟ್ಟಳು. ಹೊಸ ಕೆಲಸದ ಸುದ್ದಿ ಓದಿ ಹಿಗ್ಗಿದೆ. ತರಕಾರಿ ಹೆಚ್ಚುವಾಗ ಕೊಯ್ದುಕೊಂಡ ಬೆರಳು ತಿಂಗಳಾದರೂ ಮಾಗಿಲ್ಲ ಎಂದು ಕೊನೆಗೊಂದು ಸಾಲು ಬರೆದಿದ್ದೀಯಲ್ಲ, ಅದನ್ನೇ ಮತ್ತೆ ಮತ್ತೆ ಓದಿದೆ.

ನಾಳೆ ನನ್ನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯುತ್ತಾರೆ. ಕಾಲು ಉಳುಕಿದೆ ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ಹೊಸ ಚಪ್ಪಲಿ ಕಚ್ಚಿದ ಸಣ್ಣ ಗಾಯ ಅದು.

ಇಪ್ಪತ್ತೆರಡು ವರ್ಷ ಇದೇ ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತ ನೋಡಿದವಳು, ನನ್ನದನ್ನೂ ನಾನೇ ನೋಡಿಕೊಂಡೆ. ಸಕ್ಕರೆ ಏರಿತ್ತು. ಅದು ಹಳೇ ಕಥೆ ಎಂದು ಬಿಟ್ಟೆ. ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣ ಎಣಿಸಿದರೆ ಬೇಕಾದ್ದಕ್ಕಿಂತ ಹೆಚ್ಚೇ ಇದ್ದವು. ಕಾವಲಿನವರು ದಂಡಿಯಾಗಿ ಬಂದಿದ್ದಾರೆ, ಇನ್ನೇನು ಭಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬ್ಯಾಂಡೇಜು ಸುತ್ತಿಕೊಂಡು ವಾರಗಟ್ಟಲೆ ಡ್ಯೂಟಿ ಮಾಡಿದೆ. ಅಷ್ಟರಲ್ಲಿ ಕಾಲು ಒಳಗೊಳಗೇ ಕೊಳೆತಿತ್ತು.

ಮೊನ್ನೆ ಡಾಕ್ಟರಮ್ಮ ಗಾಯದ ಕೀವನ್ನು ಗಾಜಿಗೆ ಸವರಿಸಿ, ಸೂಕ್ಷ್ಮದರ್ಶಕದಲ್ಲಿ ನೀವೇ ನೋಡಿ ಎಂದರು. ಕಣಗಳ ಪಕ್ಕದಲ್ಲೇ ರೋಗಾಣುಗಳು ಗುಂಪುಗುಂಪಾಗಿ ಬಿದ್ದಿದ್ದವು. ನುಂಗಬೇಕಾದವುಗಳ ಹೊಟ್ಟೆ ಬಹುಪಾಲು ಖಾಲಿ. ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಅವು ಗಾಯದ ಕಡೆ ನಿಧಾನವಾಗಿ ಬರುತ್ತವಂತೆ, ಬಂದರೂ ಸರಿಯಾಗಿ ನುಂಗಿ ಕೊಲ್ಲಲಾರವಂತೆ. ಎಷ್ಟಿವೆ ಅಂತ ನೋಡಿದ್ರಿ, ಕೆಲಸ ಮಾಡ್ತಿವೆಯಾ ಅಂತ ನೋಡ್ಲಿಲ್ವಲ್ಲ ಎಂದು ಬೈದರು. ಬೈದು, ಅತ್ತರು. ನನಗೆ ಅಳು ಬರಲಿಲ್ಲ, ನನ್ನ ಮೇಲೇ ಸಿಟ್ಟು ಬಂತು.

ಚಿಕ್ಕಮ್ಮ ಗೊಣಗುತ್ತಲೇ ಕಾಲೊತ್ತುತ್ತಿದ್ದಾಳೆ. ನಾಳೆಯಿಂದ ನಿನಗೆ ಅರ್ಧ ಕೆಲಸ ಮಿಕ್ಕಿತು ಎಂದೆ. ಅವಳು ನಗಲಿಲ್ಲ. ನನಗೂ ಹೆದರಿಕೆಯಿದೆ, ಮಗಳೇ.

ಇಂತಿ,
ನಿನ್ನ ಅಮ್ಮ

ತಾ.ಕ.: ಮೂರು ತಿಂಗಳ ಹಿಂದೆ, ಕೆಲಸಕ್ಕೆ ಸೇರುವ ಮೊದಲು ನಿನ್ನ ರಕ್ತ ಪರೀಕ್ಷಿಸಿ ಎಲ್ಲ ಸರಿಯಿದೆ ಎಂದು ಬರೆದುಕೊಟ್ಟೆನಲ್ಲ, ಆ ಚೀಟಿಯಲ್ಲಿರುವ ಸಕ್ಕರೆಯ ಅಂಕಿ ಬೇರೆ ಯಾರದೋ. ನಿನ್ನದು ಆಗಲೇ ನನ್ನದರ ಹತ್ತಿರವಿತ್ತು. ಕೆಲಸ ಕೈತಪ್ಪೀತೆಂದು ಹೆದರಿದೆ. ಆಮೇಲೆ ಹೇಳಿದರಾಯಿತು ಎಂದುಕೊಂಡೆ, ಬಾಯಿ ಬರಲಿಲ್ಲ. ಈ ಪತ್ರ ತಂದ ನಮ್ಮ ಆಂಬುಲೆನ್ಸ್ ಡ್ರೈವರ್ ನಿನ್ನ ಬಾಗಿಲಲ್ಲೇ ಕಾಯುತ್ತಾನೆ. ನನ್ನನ್ನು ಆಮೇಲೆ ಬೈಯುವೆಯಂತೆ, ಈಗ ಅವನ ಗಾಡಿ ಹತ್ತು.