ಚಿಪ್ ನುಂಗಿದ ಅಕ್ಷರ

ಪ್ರಯೋಗಶಾಲೆ, ಮೂರನೇ ಮಹಡಿ
ಮಂಗಳವಾರ, ಊಟದ ವಿರಾಮ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ವೆಲ್ಡಿಂಗ್ ಕಿಡಿ ಹಾರಿ ಸುಟ್ಟ ಕೈ ಮಾಗಿತೇ? ಮುಲಾಮು ಹಚ್ಚು ಎಂದರೆ ಹಚ್ಚುವ ಆಸಾಮಿ ನೀನಲ್ಲ, ಆದರೂ ಹೇಳುತ್ತೇನೆ, ಹಚ್ಚು. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ನನ್ನನ್ನು ಬೈಯುವಷ್ಟು ಶಕ್ತಿ ಇರುವವರೆಗೆ ಅವಳ ಚಿಂತೆ ನಮಗೆ ಬೇಡ.

ಆ ಭಾನುವಾರ ನಾನು ಕೊಟ್ಟಿದ್ದ ನಮ್ಮ ಪ್ರಯೋಗಶಾಲೆಯ ಇಂಟರ್ನೆಟ್ ಫೋನಿನಿಂದ ನೀನು ಅಮ್ಮನಿಗೆ ಕರೆ ಮಾಡಿದೆಯಲ್ಲ, ಅವಳಿಗೆ ಏನೂ ಕೇಳಿಸದೆ "ಇಟ್ಟುಬಿಟ್ಟ ಅನ್ಸತ್ತೆ ಕಣೇ" ಎಂದು ಫೋನ್ ಇಟ್ಟಳು. ಆಮೇಲೆ ನೀನು ಕರೆಯನ್ನೇ ಮಾಡಲಿಲ್ಲ. ಬಂದದ್ದು ಒಂದೇ ಸಾಲಿನ ಕಾಗದ, ಯಂತ್ರಕ್ಕೂ ನನ್ನ ಉಗ್ಗು ಬೇಡವಾಯಿತು ಎಂದು. ಓದಿ ನನಗೆ ಮೈಯೆಲ್ಲ ಉರಿಯಿತು. ನಿನ್ನ ಮೇಲಲ್ಲ, ನಮ್ಮ ಚಿಪ್ ಮೇಲೆ.

ನಡೆದದ್ದು ಇಷ್ಟು. ಫೋನಿನೊಳಗಿನ ಚಿಪ್ ನಿನ್ನ ಮಾತನ್ನು ಚೂರು ಚೂರಾಗಿ ತೆಗೆದುಕೊಂಡು, ಹಿಂಡಿ, ಚಿಕ್ಕದು ಮಾಡಿ ಕಳಿಸುತ್ತದೆ. ಮುಂದಿನ ಚೂರು ಬರುವುದರೊಳಗೆ ಕೈಯಲ್ಲಿರುವುದು ಮುಗಿಯಬೇಕು, ಅದಕ್ಕೆ ಉಸಿರು ಬಿಡಲೂ ಪುರುಸೊತ್ತಿಲ್ಲ. ಸದ್ದಿಲ್ಲದ ಹೊತ್ತನ್ನಂತೂ ಮಾತೇ ಅಲ್ಲವೆಂದು ಬಿಟ್ಟು ಬಾಗಿಲು ಹಾಕಿಕೊಳ್ಳುತ್ತದೆ. "ಅಮ್ಮಾ" ಎನ್ನುವ ಮೊದಲು ನೀನು ಸಿಕ್ಕಿಹಾಕಿಕೊಂಡು ನಿಲ್ಲುತ್ತೀಯಲ್ಲ, ಆಗ ಬಾಗಿಲು ಬಿತ್ತು. ಮೆಲ್ಲಗೆ ಹೊರಟ ಮೊದಲ ಅಕ್ಷರಕ್ಕೆ ಅದು ತೆರೆಯಲೇ ಇಲ್ಲ. ನಾವು ಪರೀಕ್ಷೆಗೆ ಇಟ್ಟುಕೊಂಡಿದ್ದ ಧ್ವನಿಗಳೆಲ್ಲ ರೇಡಿಯೋದಲ್ಲಿ ವಾರ್ತೆ ಓದುವವರದ್ದು. ಅವರು ಬಾಯಿ ತೆರೆದರೆ ನಲ್ಲಿ ತಿರುಗಿಸಿದ ಹಾಗೆ. ಎಲ್ಲರೂ ಹಾಗೆಯೇ ಮಾತಾಡುತ್ತಾರೆಂದು ನಂಬಿ ಕೂತಿದ್ದೆವು, ಮಹಾ ಬುದ್ಧಿವಂತರು!

ನಮ್ಮ ಮುಖ್ಯಸ್ಥರಿಗೆ ಹೇಳಿದೆ. "ಅಂಥವರು ಎಷ್ಟು ಜನ ಇರ್ತಾರಮ್ಮಾ? ಅವರಿಗೋಸ್ಕರ ಚಿಪ್ ಮೇಲೆ ಇನ್ನೂ ಭಾರ ಹೇರೋಕಾಗುತ್ತಾ?" ಎಂದರು. "ನಮ್ಮನೇಲೇ ಒಬ್ಬ ಇದಾನೆ ಸಾರ್, ಸಾಕಲ್ವಾ?" ಎಂದೆ. ಕೋಣೆಯಲ್ಲಿದ್ದವರೆಲ್ಲ ತಂತಮ್ಮ ಕೀಬೋರ್ಡು ನೋಡಿಕೊಂಡರು. ಅಂದಿನಿಂದ ಹಟಕ್ಕೆ ಬಿದ್ದು, ಚಿಪ್‌ನ ಹೊತ್ತನ್ನೆಲ್ಲ ತಿನ್ನುತ್ತಿದ್ದ, ಧ್ವನಿಯ ಏರಿಳಿತ ಹುಡುಕುವ ಭಾಗವನ್ನು ಪೂರ್ತಿ ಕಿತ್ತು ಚುಟುಕಾಗಿ ಹೊಸದಾಗಿ ಬರೆದೆ. ಚಿಪ್‌ಗೆ ಒಂದಿಷ್ಟು ಬಿಡುವು ಸಿಕ್ಕಿತು. ಆ ಬಿಡುವನ್ನೆಲ್ಲ ನಿನಗೇ ಕೊಟ್ಟಿದ್ದೇನೆ. ಈಗ ಬಾಗಿಲು ಅಷ್ಟು ಬೇಗ ಬೀಳುವುದಿಲ್ಲ, ಮೆಲುದನಿಗೂ ತೆರೆಯುತ್ತದೆ. ನೀನು ನಿಂತಾಗ ಕೇಳುವವರ ಕಿವಿಯಲ್ಲಿ ಸಣ್ಣಗೆ ಗುಂಯ್ ಎನ್ನುತ್ತಿರುತ್ತದೆ, ನೀನು ಇನ್ನೂ ಅಲ್ಲೇ ಇದ್ದೀಯ ಎಂದು ಗೊತ್ತಾಗಲಿ ಅಂತ.

ಆದರೂ ಹಳೆಯದನ್ನೇ ಮಾರುಕಟ್ಟೆಗೆ ಬಿಡೋಣ ಎಂಬ ರಾಗ ಮುಖ್ಯಸ್ಥರದ್ದು. ಅದಕ್ಕೆ ನಾನು ಸಹಿ ಹಾಕುವುದಿಲ್ಲ. ಕೆಲಸ ಹೋದರೆ ಹೋಗಲಿ. ನನ್ನ ಅಣ್ಣನ ಮಾತು ಮಾತಲ್ಲ ಎನ್ನುವ ಫೋನನ್ನು ನನ್ನ ಕೈಯಿಂದ ದಾಟಿಸಲಾರೆ.

ಕೈ ಜೋಪಾನ. ಅಮ್ಮ ಆಶೀರ್ವಾದ ಹೇಳಿದ್ದಾಳೆ, ಫೋನ್ ಮಾಡದ್ದಕ್ಕೆ ನಾಲ್ಕು ಬೈಗುಳವನ್ನೂ ಸೇರಿಸಿದ್ದಾಳೆ.

ನಿನ್ನ ತಂಗಿ,
ವಟವಟಿ

ತಾ.ಕ.: ಅಸಲು ವಿಷಯವೇ ಉಳಿಯಿತು! ಈ ಕಾಗದದ ಜೊತೆ ಹೊಸ ಫೋನ್ ಇದೆ, ಹಳೆಯದನ್ನೂ ಎಸೆಯಬೇಡ. ಶುಕ್ರವಾರ ಬೆಳಿಗ್ಗೆ ನಮ್ಮ ಫೋನ್ ಕೊಳ್ಳಲು ಬರುವ ಕಂಪನಿಯವರ ಎದುರು ಎರಡಕ್ಕೂ ಕರೆ ಮಾಡಿ ಪರೀಕ್ಷಿಸುತ್ತೇವೆ. ವಾರ್ತೆ ಓದುವವರ ಬದಲು ನಿನ್ನ ಹೆಸರು ಕೊಟ್ಟಿದ್ದೇನೆ, ಮುಖ್ಯಸ್ಥರ ಮುಖ ಕೆಂಪಾದರೂ ಬದಲಿಸಲಿಲ್ಲ. ನಿನಗೆ ಇಷ್ಟವಿಲ್ಲದಿದ್ದರೆ ಎತ್ತಬೇಡ, ನಾನೇನೂ ಅಂದುಕೊಳ್ಳುವುದಿಲ್ಲ. ಎತ್ತಿದೆಯೋ, ದೊಡ್ಡವರಿದ್ದಾರೆಂದು ಸರಾಗವಾಗಿ ಮಾತಾಡಲು ಒದ್ದಾಡಬೇಡ. ಮನಸಾರೆ ಉಗ್ಗು.